ಇಪ್ಪತ್ತು ನಿಮಿಷದ ಮೌನ: ಪ್ರಾರ್ಥನೆಗೆ ಕೂತಾಗ ಮನಸ್ಸು ಓಡಿಹೋದರೆ

ಪ್ರಾರ್ಥನೆಗೆ ಕೂತ ಎರಡನೇ ನಿಮಿಷಕ್ಕೆ ಗ್ಯಾಸ್ ಬುಕ್ ಮಾಡಿಲ್ಲ ಅನ್ನುವುದು ನೆನಪಾಗುತ್ತದೆ. ನಾಲ್ಕನೇ ನಿಮಿಷಕ್ಕೆ ನಾದಿನಿ ಮೊನ್ನೆ ಆಡಿದ ಮಾತು. ಏಳನೇ ನಿಮಿಷಕ್ಕೆ ‘ಇದೆಲ್ಲ ನಮ್ಮಂಥವರಿಗಲ್ಲ, ಸಿಸ್ಟರುಗಳಿಗೆ, ಅಯ್ಯನವರಿಗೆ ಸರಿ’ ಎಂದು ಎದ್ದುಬಿಡುತ್ತೇವೆ. ಮನಸ್ಸು ಅಲೆದದ್ದು ದೊಡ್ಡ ತಪ್ಪೇನಲ್ಲ. ಏಳನೇ ನಿಮಿಷಕ್ಕೆ ಎದ್ದದ್ದು ತಪ್ಪು.

ಮೌನ ಪ್ರಾರ್ಥನೆ ಎಂದರೆ ತಲೆ ಖಾಲಿ ಮಾಡಿಕೊಂಡು ಕೂರುವುದು ಎಂಬ ತಿಳಿವಳಿಕೆಯೇ ಅರ್ಧ ತೊಂದರೆಗೆ ಕಾರಣ. ಖಾಲಿ ಮಾಡಲು ಹೊರಟಷ್ಟೂ ತಲೆ ತುಂಬಿಕೊಳ್ಳುತ್ತದೆ. ಕ್ರೈಸ್ತರ ಮೌನದಲ್ಲಿ ಎದುರಿಗೆ ಒಬ್ಬರಿದ್ದಾರೆ. ಆಸ್ಪತ್ರೆಯಲ್ಲಿ ಮಲಗಿರುವ ಅಪ್ಪನ ಮಂಚದ ಪಕ್ಕ ಮಾತಿಲ್ಲದೆ ಕೂತಿರುತ್ತೇವಲ್ಲ, ಆ ಬಗೆಯದು. ಆಗಲೂ ತಲೆಯಲ್ಲಿ ಔಷಧಿ ಚೀಟಿ, ಬಿಲ್ಲು, ಬಸ್ಸಿನ ಹೊತ್ತು ಎಲ್ಲ ಓಡುತ್ತಲೇ ಇರುತ್ತದೆ. ಆದರೂ ನಾವು ಅಪ್ಪನ ಹತ್ತಿರವೇ ಇದ್ದೇವೆ.

‘ಇದು ಯೋಗ-ಧ್ಯಾನದವರ ದಾರಿ, ನಮ್ಮದಲ್ಲ’ ಎಂದು ಹಿಂಜರಿಯುವವರು ನಮ್ಮ ಸಭೆಗಳಲ್ಲಿ ಇದ್ದಾರೆ. 4ನೇ ಶತಮಾನದಲ್ಲೇ ಈಜಿಪ್ಟಿನ ನಿತ್ರಿಯಾ, ಸ್ಕೇತಿಸ್ ಮರಳುಗಾಡುಗಳಲ್ಲಿ ಕ್ರೈಸ್ತ ಸನ್ಯಾಸಿಗಳು ಹೀಗೆ ಕೂರುತ್ತಿದ್ದರು. ನಮ್ಮ ಮಂಗಳೂರಿನಲ್ಲೇ, ಮೌನ ಪ್ರಾರ್ಥನೆಯಲ್ಲೇ ಬಾಳುವ ಸನ್ಯಾಸಿನಿಯರ ಕಾರ್ಮೆಲ್ ಮಠ 1870ರಿಂದ ಇದೆ. ಅದನ್ನು ಕಟ್ಟಲು ಬಂದ ಮೊದಲ ತಂಡದಲ್ಲಿದ್ದ ಗಲಿಲಾಯದ ಮರಿಯಂ ಬವಾರ್ದಿಯನ್ನು 2015ರಲ್ಲಿ ಸಂತಳೆಂದು ಘೋಷಿಸಲಾಯಿತು. ಇನ್ನೊಂದು ತುದಿಯ ಎಚ್ಚರವೂ ಬೇಕು. ಧ್ಯಾನದ ವಿಧಾನಗಳ ಬಗ್ಗೆ 1989ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರ, ಉಸಿರು-ಆಸನಗಳಿಂದ ಮೈಗೆ ಸಿಗುವ ಹಿತವನ್ನೇ ಪವಿತ್ರಾತ್ಮರ ಸಾಂತ್ವನ ಎಂದುಕೊಳ್ಳಬೇಡಿ ಎನ್ನುತ್ತದೆ. ಮೈ ಹಗುರವಾದರೆ ಒಳ್ಳೆಯದೇ. ಅದನ್ನೇ ದೇವರು ಎಂದು ಕರೆಯದಿದ್ದರೆ ಸಾಕು.

ಹೊತ್ತು, ಜಾಗ, ಫೋನು

ಹೊತ್ತು ದಿನವೂ ಒಂದೇ ಇರಲಿ. ‘ಬಿಡುವಾದಾಗ’ ಅಂದುಕೊಂಡರೆ ಬಿಡುವು ಆಗುವುದೇ ಇಲ್ಲ. ಹೆಚ್ಚಿನವರಿಗೆ ಮನೆ ಏಳುವ ಮುಂಚಿನ ಅರ್ಧ ಗಂಟೆ ಹೊಂದುತ್ತದೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ 35ನೇ ವಚನದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗುತ್ತಾರೆ. ರಾತ್ರಿ ಪಾಳಿಯವರು, ಎಳೆಮಗುವಿನ ತಾಯಂದಿರು ಈ ಲೆಕ್ಕವನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಮಧ್ಯಾಹ್ನ ಮಗು ಮಲಗಿದಾಗಲೂ ಆಗುತ್ತದೆ, ಕೆಲಸಕ್ಕೆ ಮುಂಚೆ ಚರ್ಚಿನ ಹಿಂದಿನ ಬೆಂಚಿನಲ್ಲೂ ಆಗುತ್ತದೆ. ಊಟವಾದ ಕೂಡಲೇ ಮಾತ್ರ ಬೇಡ, ತೂಕಡಿಕೆ ಗ್ಯಾರಂಟಿ.

ಮೊದಲ ವಾರ 10 ನಿಮಿಷ, ಎರಡನೇ ವಾರ 15, ಮೂರನೇ ವಾರದಿಂದ 20. ಅಲ್ಲಿಂದ ಮೂರು ತಿಂಗಳು ಹೆಚ್ಚಿಸಬೇಡಿ. ಧ್ಯಾನಕೂಟದಿಂದ ಬಂದ ಹುಮ್ಮಸ್ಸಿನಲ್ಲಿ ದಿನಕ್ಕೊಂದು ಗಂಟೆ ಎಂದು ಶುರುಮಾಡಿದವರು ಸಾಮಾನ್ಯವಾಗಿ ಎರಡನೇ ವಾರ ದಾಟುವುದಿಲ್ಲ.

ಜಾಗಕ್ಕೆ ಪ್ರತ್ಯೇಕ ಕೋಣೆ ಬೇಕಿಲ್ಲ. ಹಾಸಿಗೆಯೊಂದನ್ನು ಬಿಟ್ಟು ಎಲ್ಲಾದರೂ ಸರಿ. ಪ್ಲಾಸ್ಟಿಕ್ ಕುರ್ಚಿಯಾದರೆ ಪಾದ ಎರಡೂ ನೆಲಕ್ಕೆ ತಾಗಿರಲಿ. ಚಕ್ಕಳಮಕ್ಕಳ ಕೂರುವವರು ಸೊಂಟದ ಕೆಳಗೆ ಒಂದು ದಿಂಬು ಇಟ್ಟುಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕುರ್ಚಿಯ ಮುಖ ಗೋಡೆಯ ಕಡೆಗಿರಲಿ. ಕಿಟಕಿಯ ಕಡೆ ಕೂತರೆ ಹಾಲಿನವನಿಂದ ಹಿಡಿದು ಎದುರು ಮನೆಯ ನಾಯಿಯವರೆಗೆ ಎಲ್ಲರ ಲೆಕ್ಕ ಇಡಬೇಕಾಗುತ್ತದೆ. ಶಿಲುಬೆಯೋ ಮೇಣದಬತ್ತಿಯೋ ಬೇಕಾದವರು ಇಟ್ಟುಕೊಳ್ಳಲಿ, ರೂಢಿಯಿಲ್ಲದವರಿಗೆ ತೆರೆದ ಸತ್ಯವೇದ ಸಾಕು.

ಫೋನು ಬೇರೆ ಕೋಣೆಯಲ್ಲಿರಲಿ. ಸೈಲೆಂಟ್‌ಗೆ ಹಾಕಿ ಪಕ್ಕದಲ್ಲಿಟ್ಟರೆ ಪ್ರಯೋಜನವಿಲ್ಲ, ಅದು ಮಿಡುಕಿತೇ ಎಂದು ತೊಡೆಯೇ ಕಾಯುತ್ತಿರುತ್ತದೆ. ಇದೇ ಕಾರಣಕ್ಕೆ ಬೈಬಲ್ ಆಪ್ ಬೇಡ, ಕಾಗದದ ಪುಸ್ತಕ ತೆಗೆದುಕೊಳ್ಳಿ. ವಚನ ಓದುತ್ತಿರುವಾಗಲೇ ಮೇಲಿಂದ ಸಂದೇಶವೊಂದು ಇಳಿದು ಬಂದರೆ ಯಾವ ಸಂತನ ಕಣ್ಣೂ ಅತ್ತ ಹೋಗುತ್ತದೆ. ಹೊತ್ತು ನೋಡಲು ಅಡುಗೆಮನೆಯ ಟೈಮರ್ ಅಥವಾ ಹಳೆಯ ಅಲಾರಂ ಗಡಿಯಾರ. ಫೋನಿನದೇ ಅಲಾರಂ ಬೇಕೆಂದರೆ ಏರೋಪ್ಲೇನ್ ಮೋಡಿಗೆ ಹಾಕಿ, ಮಗುಚಿ, ಕೈಗೆ ಎಟುಕದಷ್ಟು ದೂರ ಇಡಿ. ಕೈಯ ಹತ್ತಿರ ಒಂದು ತುಂಡು ಕಾಗದ, ಒಂದು ಪೆನ್ಸಿಲ್ ಇರಲಿ. ಅದರ ಉಪಯೋಗ ಮುಂದೆ ಬರುತ್ತದೆ.

ಕೂರುವ ಮೊದಲು ನಿಲ್ಲಿ

ಇದು ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಕೊಟ್ಟ ಸಲಹೆ. ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ, ಅದು ನಷ್ಟ. ಕೂರಬೇಕಾದ ಜಾಗದಿಂದ ಒಂದೆರಡು ಹೆಜ್ಜೆ ಹಿಂದೆ, ಕರ್ತನ ಪ್ರಾರ್ಥನೆಯನ್ನು (‘ಪರಲೋಕದಲ್ಲಿರುವ ನಮ್ಮ ತಂದೆಯೇ’) ಒಮ್ಮೆ ಹೇಳುವಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ದೇವರು ಈಗ ನನ್ನನ್ನು ನೋಡುತ್ತಿದ್ದಾರೆ, ಹೇಗೆ ನೋಡುತ್ತಿದ್ದಾರೆ, ಅಷ್ಟನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳಬೇಕು. ಆಮೇಲೆ ತಲೆಬಾಗಿ ವಂದಿಸಿ ಕೂರಬೇಕು. ಅರ್ಧ ನಿಮಿಷದ ಕೆಲಸ. ಅಡುಗೆಮನೆಯಿಂದಲೋ ಬಾತ್‌ರೂಮಿನಿಂದಲೋ ನೇರ ಬಂದು ಕುರ್ಚಿಗೆ ಬಿದ್ದರೆ ಮೈ ಕೂತಿರುತ್ತದೆ, ಮನಸ್ಸು ಇನ್ನೂ ನಡೆಯುತ್ತಿರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಈ ಎರಡು ಹೆಜ್ಜೆ ಅವೆರಡನ್ನೂ ಒಂದೇ ನೊಗಕ್ಕೆ ಕಟ್ಟುತ್ತದೆ.

ಗಟ್ಟಿ ಪ್ರಾರ್ಥನೆ, ಹಾಡು, ಸ್ತುತಿಯ ರೂಢಿಯಿರುವವರಿಗೆ ಥಟ್ಟನೆ ಮೌನಕ್ಕೆ ಇಳಿಯುವುದು ಕಷ್ಟ. ಅವರು ಮೊದಲ ಎರಡು ನಿಮಿಷ ಬಾಯಿಬಿಟ್ಟೇ ಪ್ರಾರ್ಥಿಸಲಿ, ಅಥವಾ ಗೀತೆಯ ಒಂದು ಚರಣ ಹಾಡಲಿ. ದನಿ ತಾನಾಗಿ ತಗ್ಗಿದಾಗ ಬಿಟ್ಟುಬಿಡಲಿ.

ಓದು: ಸ್ವಲ್ಪ, ನಿಧಾನ, ಮೂರು ದಿನ ಅದನ್ನೇ

ಆರರಿಂದ ಹತ್ತು ವಚನಕ್ಕಿಂತ ಹೆಚ್ಚು ಬೇಡ. ವರ್ಷದಲ್ಲಿ ಬೈಬಲ್ ಮುಗಿಸುವ ಪಟ್ಟಿ ಇದ್ದರೆ ಅದನ್ನು ಬೇರೆ ಹೊತ್ತಿಗೆ ಓದಿ, ಇಲ್ಲಿ ತರಬೇಡಿ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ಸುಮಾರು ಎಪ್ಪತ್ತು ತುಂಡು, ಒಂದೊಂದಕ್ಕೆ ಮೂರು ದಿನ ಎಂದರೂ ಏಳು ತಿಂಗಳಿಗೆ ಸಾಕಾಗುತ್ತದೆ. ಮೊದಲ ದಿನ ಕಥೆ ತಿಳಿಯುತ್ತದೆ, ಎರಡನೇ ದಿನ ಬೇಸರ ಬರುತ್ತದೆ. ಮೂರನೇ ದಿನ, ಕಣ್ಣಿಗೆ ಬೀಳದೆ ಇದ್ದ ಒಂದು ಪದ ಎದ್ದು ನಿಲ್ಲುತ್ತದೆ. ಎರಡನೇ ದಿನವೇ ತುಂಡು ಬದಲಿಸುವವರಿಗೆ ಮೂರನೇ ದಿನದ್ದು ಸಿಗುವುದಿಲ್ಲ.

ಉದಾಹರಣೆಗೆ ಮಾರ್ಕ 10:46–52, ಯೆರಿಕೋ ಊರಿನ ಕುರುಡ ಬಾರ್ತಿಮಾಯ. ಏಳು ವಚನ. ಒಮ್ಮೆ ತುಟಿ ಅಲ್ಲಾಡಿಸಿ ಓದಿ, ಒಂದು ನಿಮಿಷ ಬಿಡಿ, ಇನ್ನೊಮ್ಮೆ ಓದಿ. ಸುತ್ತಲಿನ ಜನ ಅವನಿಗೆ ಸುಮ್ಮನಿರು ಎಂದು ಗದರಿಸುತ್ತಾರೆ, ಅವನು ಇನ್ನೂ ಹೆಚ್ಚಾಗಿ ಕೂಗುತ್ತಾನೆ. ಯೇಸು ನಡೆಯುವುದನ್ನು ನಿಲ್ಲಿಸುತ್ತಾರೆ. ಅವನು ಮೇಲುಹೊದಿಕೆ ಬಿಸಾಡಿ ಎದ್ದು ಬರುತ್ತಾನೆ. ನಿನಗೆ ನಾನೇನು ಮಾಡಬೇಕು ಎಂದು ಯೇಸು ಕೇಳುತ್ತಾರೆ. ಇಷ್ಟರಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ್ದು ಯಾವುದು? ಒಬ್ಬರಿಗೆ ಆ ಪ್ರಶ್ನೆ, ಒಬ್ಬರಿಗೆ ಬಿಸಾಡಿದ ಹೊದಿಕೆ, ಇನ್ನೊಬ್ಬರಿಗೆ ಅಷ್ಟು ಗದ್ದಲದ ನಡುವೆ ಯೇಸು ನಿಂತದ್ದು. ಒಂದನ್ನು ಹಿಡಿದುಕೊಳ್ಳಿ, ಉಳಿದದ್ದನ್ನು ಬಿಡಿ. ಯೆರಿಕೋ ಎಲ್ಲಿದೆ, ಮತ್ತಾಯನಲ್ಲಿ ಇಬ್ಬರು ಕುರುಡರು ಏಕೆ ಎಂಬ ವಿಚಾರ ಬಂದರೆ ಅದು ಅಧ್ಯಯನ, ಒಳ್ಳೆಯದು, ಸಂಜೆ ಮಾಡಿ.

ಹಿಡಿದದ್ದನ್ನು ಒಂದು ವಾಕ್ಯ ಮಾಡಿ ದೇವರಿಗೇ ಹೇಳಿ. ಇಲ್ಲೊಂದು ಸಣ್ಣ ವ್ಯಾಕರಣ ಕೆಲಸಕ್ಕೆ ಬರುತ್ತದೆ. ‘ಯೇಸು ಅವನಿಗಾಗಿ ನಿಂತರು’ ಎನ್ನುವುದು ಯೋಚನೆ. ‘ನೀನು ನನಗಾಗಿಯೂ ನಿಂತಿದ್ದೀ’ ಎನ್ನುವುದು ಪ್ರಾರ್ಥನೆ. ‘ಅವರು’ ಹೋಗಿ ‘ನೀನು’ ಅಥವಾ ನಿಮ್ಮ ಸಭೆಯ ರೂಢಿಯಂತೆ ‘ನೀವು’ ಬಂದ ಕ್ಷಣ ದಿಕ್ಕು ಬದಲಾಗಿರುತ್ತದೆ. ಗಂಟೆಗಟ್ಟಲೆ ದೇವರ ಬಗ್ಗೆ ಯೋಚಿಸಿ ಒಮ್ಮೆಯೂ ದೇವರ ಜೊತೆ ಮಾತಾಡದೆ ಏಳುವುದು ಓದಿದವರಲ್ಲಿ ಬಹಳ ಸಾಮಾನ್ಯ.

ಇಲ್ಲಿಗೆ ಏಳೆಂಟು ನಿಮಿಷ ಕಳೆದಿರುತ್ತದೆ. ಪುಸ್ತಕ ಮಡಿಲಲ್ಲೇ ಇರಲಿ, ಕಣ್ಣು ಮುಚ್ಚಿ ಅಥವಾ ಅರೆ ತೆರೆದು ಸುಮ್ಮನಿರಿ. ಹಿಂದಿರುಗಿ ಬರಲು ಒಂದು ಚಿಕ್ಕ ಮಾತು ಇಟ್ಟುಕೊಳ್ಳಿ. 5ನೇ ಶತಮಾನದ ಜಾನ್ ಕ್ಯಾಸಿಯನ್, ಈಜಿಪ್ಟಿನ ಸನ್ಯಾಸಿಗಳಿಂದ ಕಲಿತು ಬರೆದಿಟ್ಟದ್ದು 70ನೇ ಕೀರ್ತನೆಯ ಮೊದಲ ವಚನ: ದೇವರೇ, ನನ್ನ ಸಹಾಯಕ್ಕೆ ಬೇಗ ಬಾ ಎಂಬ ಮೊರೆ. ಪೂರ್ವದ ಆರ್ಥಡಾಕ್ಸ್ ಸಭೆಗಳವರು ‘ಕರ್ತನಾದ ಯೇಸುಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು’ ಎನ್ನುತ್ತಾರೆ. 14ನೇ ಶತಮಾನದ ಇಂಗ್ಲೆಂಡಿನ ಒಬ್ಬ ಅನಾಮಧೇಯ ಲೇಖಕ, ಮಾತು ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು, ಒಂದೇ ಉಚ್ಚಾರದ್ದು ಸಿಕ್ಕರೆ ಇನ್ನೂ ಒಳ್ಳೆಯದು ಎಂದ. ಕನ್ನಡದಲ್ಲಿ ಅಂಥ ಪದಗಳು ಕಡಿಮೆ, ಆದರೆ ‘ಬಾ’ ಇದೆ. ಬೈಬಲಿನ ಕೊನೆಯ ಪುಟದ ಪ್ರಾರ್ಥನೆಯೂ ಅದೇ: ಕರ್ತನಾದ ಯೇಸುವೇ, ಬಾ. ಮಾತನ್ನು ಒಮ್ಮೆ ಆರಿಸಿದ ಮೇಲೆ ಒಂದು ತಿಂಗಳಾದರೂ ಬದಲಿಸಬೇಡಿ. ಜಪದ ಹಾಗೆ ಎಣಿಸುತ್ತ ಹೋಗುವುದೂ ಬೇಡ. ಮನಸ್ಸು ಜಾರಿದಾಗ ಹೇಳಿದರೆ ಸಾಕು.

ಜಾರುತ್ತದೆ. ಆಗ ಏನು ಮಾಡಬೇಕು?

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2729ನೇ ಪರಿಚ್ಛೇದದ ತಾತ್ಪರ್ಯ ಇದು: ಅಡ್ಡಯೋಚನೆಗಳನ್ನು ಬೇಟೆಯಾಡಲು ಹೊರಟರೆ ಅವುಗಳ ಬಲೆಗೇ ಬೀಳುತ್ತೀರಿ, ಹೃದಯದ ಕಡೆ ತಿರುಗಿದರೆ ಸಾಕು. ನಿಮ್ಮ ಮನಸ್ಸು ಯಾವುದಕ್ಕೆ ಅಂಟಿದೆ ಎಂಬುದನ್ನು ಅದೇ ಯೋಚನೆ ತೋರಿಸಿಕೊಡುತ್ತದೆ. ತಿರುಗಿ ಬರುವುದೇ ಪ್ರಾರ್ಥನೆ. 20 ನಿಮಿಷದಲ್ಲಿ ನಲವತ್ತು ಸಲ ಓಡಿಹೋಗಿ ನಲವತ್ತು ಸಲ ಬಂದರೆ ನಲವತ್ತು ಸಲ ದೇವರನ್ನು ಹುಡುಕಿದ ಹಾಗಾಯಿತು. ಆದರೆ ಎಲ್ಲ ಅಡ್ಡಯೋಚನೆಗೂ ಒಂದೇ ಮದ್ದಲ್ಲ, ಇಲ್ಲಿ ಸ್ವಲ್ಪ ವಿಂಗಡಿಸಬೇಕು.

ಹೊರಗಿನ ಸದ್ದು ಎಲ್ಲಕ್ಕಿಂತ ಸುಲಭ. ಸಂಪಿನ ಮೋಟಾರು, ಕುಕ್ಕರಿನ ಸೀಟಿ, ಮೈಕು, ಗುಜರಿಯವನ ಕೂಗು. ಊರಿನ ನಡುವೆ ಮನೆ ಮಾಡಿಕೊಂಡು ಸದ್ದು ಬಂತು ಎನ್ನುವುದು ಕಂಬಳಿಯ ಮೇಲೆ ಊಟಕ್ಕೆ ಕೂತು ಕೂದಲು ಬಂತು ಎಂದ ಹಾಗೆ. ತೊಂದರೆ ಕೊಡುವುದು ಸದ್ದಿಗಿಂತ ಅದರ ಮೇಲಿನ ಸಿಟ್ಟು. ಸದ್ದನ್ನು ಕೇಳಿಸಿಕೊಳ್ಳಿ, ಯಾರದು ಎಂದು ವಿಚಾರಣೆ ಮಾಡಬೇಡಿ, ನಿಮ್ಮ ಮಾತಿಗೆ ಬನ್ನಿ.

ಮರೆತ ಕೆಲಸ ನೆನಪಾದರೆ ಪೆನ್ಸಿಲ್ ತೆಗೆದುಕೊಂಡು ಒಂದೇ ಪದ ಬರೆಯಿರಿ: ‘ಗ್ಯಾಸ್’. ಬರೆಯದಿದ್ದರೆ ಮರೆಯಬಾರದೆಂದು ಮನಸ್ಸು ಅದನ್ನೇ ಹಿಡಿದುಕೊಂಡಿರುತ್ತದೆ. ಆದರೆ ಒಂದು ಕೂರುವಿಕೆಗೆ ಎರಡು ಪದ ಮಾತ್ರ. ಮೂರನೆಯದು ಬಂದರೆ ಪೆನ್ಸಿಲ್ ಮುಟ್ಟಬೇಡಿ. ಇಲ್ಲದಿದ್ದರೆ 20 ನಿಮಿಷ ಮುಗಿಯುವಾಗ ಕೈಯಲ್ಲಿ ವಾರದ ಸಾಮಾನಿನ ಪಟ್ಟಿ ಇರುತ್ತದೆ.

ಒಂದೇ ಯೋಚನೆ ಮೂರು ಸಲ ಬಂದರೆ ಅದು ಅಡ್ಡಯೋಚನೆಯಲ್ಲ, ಆ ದಿನದ ಪ್ರಾರ್ಥನೆಯ ವಿಷಯವೇ ಅದು. ಮಗಳ ಫೀಸು, ಅಣ್ಣನ ಜೊತೆಗಿನ ಜಮೀನು ತಕರಾರು, ವರದಿ ಬರಬೇಕಾದ ಸ್ಕ್ಯಾನಿಂಗು. ತಳ್ಳಿದಷ್ಟೂ ತಿರುಗಿ ಬರುತ್ತದೆ. ಅದನ್ನು ಬಾಗಿಲ ಹೊರಗೆ ನಿಲ್ಲಿಸದೆ ಒಳಗೆ ಕರೆದು ಹೆಸರು ಹಿಡಿದು ಹೇಳಿ: ‘ಸ್ವಾಮಿ, ಅಣ್ಣನ ಮೇಲೆ ನನಗೆ ಸಿಟ್ಟಿದೆ, ಈಗಲೂ ಇದೆ.’ ಒಂದೇ ವಾಕ್ಯ, ಸಮರ್ಥನೆ ಬೇಡ. ‘ಏಕೆಂದರೆ’ ಎಂದು ಶುರುವಾದರೆ ಅದು ವಕೀಲಿಕೆ, ಅಲ್ಲಿಗೆ ನಿಲ್ಲಿಸಿ. ಸಿಟ್ಟು ಮನುಷ್ಯರ ಮೇಲಿನದಾಗಿದ್ದು ದಿನಗಟ್ಟಲೆ ಬಿಡದಿದ್ದರೆ ಮತ್ತಾಯ 5:23–24 ಇದ್ದೇ ಇದೆ: ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು. ಅಂಥ ಸಂದರ್ಭದಲ್ಲಿ ಇನ್ನಷ್ಟು ಮೌನಕ್ಕಿಂತ ಒಂದು ಫೋನ್ ಕರೆ ಹೆಚ್ಚು ಕೆಲಸ ಮಾಡುತ್ತದೆ.

ಇವೆಲ್ಲಕ್ಕಿಂತ ಗುರುತಿಸಲು ಕಷ್ಟವಾದದ್ದು ಭಕ್ತಿಯ ವೇಷದ ಅಡ್ಡಯೋಚನೆ. ಸಂಡೇ ಸ್ಕೂಲ್ ಟೀಚರಿಗೆ ಭಾನುವಾರದ ಪಾಠ ಹೊಳೆಯುತ್ತದೆ, ಉಪದೇಶಿಗೆ ಪ್ರಸಂಗದ ಮೂರು ಅಂಶ, ಉಳಿದವರಿಗೆ ‘ಇದನ್ನು ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು’. ಎಷ್ಟು ಚೆನ್ನಾಗಿದೆ ಎಂದರೆ ಪ್ರಾರ್ಥನೆ ಎಂದೇ ಅನ್ನಿಸುತ್ತದೆ. ಆದರೆ ಎದುರಿಗೆ ಕೂತಿರುವುದು ಈಗ ದೇವರಲ್ಲ, ಕೇಳುಗರು. ಇದಕ್ಕೆ ಪೆನ್ಸಿಲ್ ಕೂಡ ಇಲ್ಲ. ಬಿಟ್ಟುಬಿಡಿ. ಪಾಠಕ್ಕೆ ನಿಜವಾಗಿ ಬೇಕಾದದ್ದಾದರೆ ತಿರುಗಿ ಬರುತ್ತದೆ, ಬಾರದಿದ್ದರೂ ಸಭೆಗೇನೂ ನಷ್ಟವಿಲ್ಲ. ಇದರ ತಂಗಿ ಇನ್ನೊಂದಿದೆ: ‘ಈಗ ನಾನು ಎಷ್ಟು ಶಾಂತವಾಗಿದ್ದೇನೆ!’ ಆ ಕ್ಷಣವೇ ಶಾಂತಿ ಹೋಗಿರುತ್ತದೆ. ನಗು ಬಂದರೆ ನಕ್ಕು ಮುಂದುವರಿಯಿರಿ.

ಕೆಟ್ಟ ದೃಶ್ಯ, ಹಳೆಯ ಪಾಪದ ನೆನಪು ಬಂದರೆ ಅದರ ಜೊತೆ ಕುಸ್ತಿಗೆ ಇಳಿಯಬೇಡಿ. ಕಣ್ಣು ತೆರೆಯಿರಿ, ಮೇಣದಬತ್ತಿಯನ್ನೋ ಪುಟವನ್ನೋ ನೋಡಿ, ಬಾಯಿಪಾಠವಾಗಿರುವ ಕೀರ್ತನೆಯೊಂದನ್ನು ಗಟ್ಟಿಯಾಗಿ ಹೇಳಿ. 23ನೆಯದು ಹೆಚ್ಚಿನವರಿಗೆ ಬರುತ್ತದೆ. ಎವಾಗ್ರಿಯಸ್ ಎಂಬ 4ನೇ ಶತಮಾನದ ಸನ್ಯಾಸಿ ಒಂದೊಂದು ಬಗೆಯ ಯೋಚನೆಗೆ ಎದುರುತ್ತರವಾಗಿ ಹೇಳಬೇಕಾದ ಬೈಬಲ್ ವಚನಗಳ ದೊಡ್ಡ ಪಟ್ಟಿಯನ್ನೇ ಮಾಡಿಟ್ಟಿದ್ದ. ಒಪ್ಪಿಕೊಂಡು ಕ್ಷಮೆ ಪಡೆದ ಪಾಪ ಪದೇಪದೇ ಎದುರು ಬಂದರೆ ಹೊಸದಾಗಿ ವಿಚಾರಣೆ ನಡೆಸುವ ಅಗತ್ಯವಿಲ್ಲ.

ನಿದ್ದೆ? ಎದ್ದು ನಿಂತು ಪ್ರಾರ್ಥಿಸಿ. ವಾರದಲ್ಲಿ ನಾಲ್ಕು ದಿನ ನಿದ್ದೆಯೇ ಬಂದರೆ ರಾತ್ರಿ ಬೇಗ ಮಲಗಿ, ಅದು ಆತ್ಮದ ಸಮಸ್ಯೆಯಲ್ಲ.

ಬೇಸರ ಹಿಡಿದಾಗ

ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ ಒಂದು ದಿನ ಏನೂ ಅನ್ನಿಸುವುದಿಲ್ಲ. ಯೋಚನೆಯೂ ಇಲ್ಲ, ದೇವರೂ ಇಲ್ಲ, ಬರೀ ಗಡಿಯಾರ. ಎವಾಗ್ರಿಯಸ್ ಇದನ್ನು ನಡುಹಗಲಿನ ದೆವ್ವ ಎಂದು ಕರೆದ. ಸೂರ್ಯ ಕದಲುವುದೇ ಇಲ್ಲ ಅನ್ನಿಸುತ್ತದೆ, ದಿನಕ್ಕೆ 50 ಗಂಟೆ ಇದ್ದಂತೆ ಕಾಣುತ್ತದೆ, ಸನ್ಯಾಸಿ ಊಟದ ಹೊತ್ತಾಯಿತೇ ಎಂದು ಕಿಟಕಿಯ ಕಡೆ ಪದೇಪದೇ ನೋಡುತ್ತಾನೆ. ಅವಿಲಾದ ತೆರೇಸಾ (1515–1582) ಪ್ರಾರ್ಥನೆಯ ಗುರುವೆಂದು ಹೆಸರಾದವಳು. ಅವಳೂ ವರ್ಷಗಟ್ಟಲೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂತಿದ್ದನ್ನು ತಾನೇ ಬರೆದಿದ್ದಾಳೆ. ಹದಿನೆಂಟು ವರ್ಷ ಪಕ್ಕದಲ್ಲಿ ಪುಸ್ತಕವಿಲ್ಲದೆ ಅವಳು ಪ್ರಾರ್ಥನೆಗೆ ಕೂರಲು ಧೈರ್ಯ ಮಾಡಿರಲಿಲ್ಲ. ಆದ್ದರಿಂದ ಒಣಗಿದ ದಿನ ಪುಸ್ತಕ ತೆರೆದು ಅದೇ ತುಂಡನ್ನು ಮತ್ತೆ ಓದಿ, ನಾಚಿಕೆ ಬೇಡ.

ಅಂಥ ದಿನಕ್ಕೆ ಇಗ್ನೇಷಿಯಸ್ ಹೇಳಿದ ಮದ್ದು ಮೊಂಡುತನದ್ದು: ಬೇಗ ಏಳಬೇಕು ಅನ್ನಿಸಿದಾಗ ಗೊತ್ತು ಮಾಡಿದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಇರು. ನಮ್ಮ ಲೆಕ್ಕದಲ್ಲಿ 20ಕ್ಕೆ ಬದಲು 21 ನಿಮಿಷ. ಅಷ್ಟಕ್ಕೇ ಬೇಸರದ ಸೊಕ್ಕು ಅಡಗುತ್ತದೆ. ತದ್ವಿರುದ್ಧವಾಗಿ, ಕಣ್ಣೀರು ಬರುವಷ್ಟು ಹಿತವಾದ ದಿನ 20ಕ್ಕೇ ಏಳಿ. ಹಿತವನ್ನು ಹಿಂಡಬಾರದು.

ಮುಗಿಸುವುದು

ಟೈಮರ್ ಹೊಡೆದ ಕೂಡಲೇ ಎದ್ದು ಫೋನಿನ ಕಡೆ ಓಡಬೇಡಿ. ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಮುಗಿಸಿ. ಆಮೇಲೆ ಒಂದು ನೋಟ್ ಪುಸ್ತಕದಲ್ಲಿ ಎರಡು ಸಾಲು: ಯಾವ ಪದ ಹಿಡಿಯಿತು, ಮನಸ್ಸು ಎಲ್ಲಿಗೆ ಹೆಚ್ಚು ಸಲ ಹೋಯಿತು. ‘ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ’ ಎಂದು ಮಾರ್ಕ್ಸ್ ಹಾಕಬೇಡಿ. ತಿಂಗಳ ಕೊನೆಗೆ ಎರಡನೇ ಸಾಲುಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಹೃದಯ ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯುತ್ತದೆ. ಗುರುಗಳ ಹತ್ತಿರವೋ ಅನುಭವಸ್ಥ ಹಿರಿಯರ ಹತ್ತಿರವೋ ಮಾತಾಡಲು ಹೋದಾಗ ಆ ಪುಸ್ತಕ ಕೈಯಲ್ಲಿರಲಿ.

ಎರಡು ಮೂರು ತಿಂಗಳು ಇದು ಬಿಡದೆ ನಡೆದರೆ ತಿಂಗಳಿಗೊಮ್ಮೆ ಅರ್ಧ ದಿನ ತೆಗೆಯಿರಿ. ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಕುಂಬಳಗೋಡಿನ ಬಳಿ ಆಶೀರ್ವನಂ ಬೆನೆಡಿಕ್ಟಿನ್ ಮಠವಿದೆ, ಮೈಸೂರಿನವರಿಗೆ ಅಂಜಲಿ ಆಶ್ರಮ. ಹೋಗುವ ಮುಂಚೆ ಕೇಳಿಕೊಂಡೇ ಹೋಗಿ. ಇಲ್ಲವೇ ವಾರದ ದಿನ ನಿಮ್ಮದೇ ಚರ್ಚಿನ ಬೀಗದ ಕೈ ಕೇಳಿ ಪಡೆಯಿರಿ. ನಾಲ್ಕು ಗಂಟೆಯಲ್ಲಿ ಅರ್ಧರ್ಧ ಗಂಟೆಯ ಮೂರು ಕೂರುವಿಕೆ ಸಾಕು, ನಡುವೆ ನಡಿಗೆ, ಕಾಫಿ, ಬೇಕಾದರೆ ಒಂದು ಸಣ್ಣ ನಿದ್ದೆ. ನಾಲ್ಕು ಗಂಟೆಯೂ ಮೊಣಕಾಲೂರುತ್ತೇನೆ ಎಂದು ಹೋದವರು ಎರಡನೇ ಸಲ ಹೋಗುವುದಿಲ್ಲ.

ಒಂದು ವಿಷಯದಲ್ಲಿ ರಾಜಿ ಬೇಡ. ಮೌನದಲ್ಲಿ ಕೂತಾಗಲೆಲ್ಲ ಎದೆ ಹಿಂಡಿ ಭಯ ಏರುತ್ತಿದ್ದರೆ, ಇದನ್ನು ಮಾಡು ಅದನ್ನು ಮಾಡು ಎಂದು ಧ್ವನಿ ಕೇಳಿಸುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಒಬ್ಬರೇ ಕೂರುವುದನ್ನು ನಿಲ್ಲಿಸಿ, ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಉಪವಾಸ ಪ್ರಾರ್ಥನೆ ಹೆಚ್ಚಿಸಿ ಎಂದು ಯಾರಾದರೂ ಹೇಳಿದರೂ ವೈದ್ಯರ ಭೇಟಿ ತಪ್ಪಿಸಬೇಡಿ. ಆ ದಿನಗಳಲ್ಲಿ ಇತರರ ಜೊತೆ ಹಾಡುವ, ಗಟ್ಟಿಯಾಗಿ ಹೇಳುವ ಪ್ರಾರ್ಥನೆಯೇ ಮೇಲು.

ಇನ್ನು, ಹನ್ನೊಂದನೇ ನಿಮಿಷಕ್ಕೆ ಮಗು ಅಳುತ್ತ ಎದ್ದು ಬಂದರೆ? ಮಾರ್ಕನ ಅದೇ ಮೊದಲ ಅಧ್ಯಾಯದಲ್ಲಿ, ನಿರ್ಜನ ಸ್ಥಳಕ್ಕೆ ಹೋದ ಯೇಸುವನ್ನು ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬರುತ್ತಾರೆ, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. ಯೇಸು ಅವರನ್ನು ಗದರುವುದಿಲ್ಲ. ಎದ್ದು ಹೊರಡುತ್ತಾರೆ. ನೀವೂ ಏಳಿ, ಮಗುವನ್ನು ಎತ್ತಿಕೊಳ್ಳಿ, ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂರಲಾದರೆ ಕೂರಿ. ಆಗದಿದ್ದರೆ ನಿಂತಲ್ಲೇ ಕರ್ತನ ಪ್ರಾರ್ಥನೆ ಹೇಳಿ, ಟೈಮರ್ ಆರಿಸಿ, ಹಾಲು ಕಾಯಿಸಲು ಹೋಗಿ.